ಹೆಬ್ಬೆಟ್ಟಿನ ಲೆಕ್ಕ

ಇಪ್ಪತ್ತಾರು ವರ್ಷ ನ್ಯಾಯಬೆಲೆ ಅಂಗಡಿಯಲ್ಲಿ
ತಕ್ಕಡಿ ಹಿಡಿದವನು ನಾನು.
ನ್ಯಾಯ ಬೋರ್ಡಿನ ಮೇಲಿತ್ತು, ಬೆಲೆ ಗೋಡೆಯ ಮೇಲಿತ್ತು,
ನನ್ನ ಹೆಬ್ಬೆಟ್ಟು ಅಕ್ಕಿ ತಟ್ಟೆಯ ಅಂಚಿನ ಮೇಲಿತ್ತು.
ಕೇಜಿಗೆ ನಲವತ್ತು ಗ್ರಾಂ, ಹೆಚ್ಚೇನಲ್ಲ.
ಯಾರಿಗೂ ಗೊತ್ತಾಗದಷ್ಟು,
ಗೊತ್ತಾದವರು ಬಾಯಿ ಬಿಡದಷ್ಟು.

ಈಗ ಅದೇ ತಕ್ಕಡಿ ಇಟ್ಟುಕೊಂಡು ಕೂತಿದ್ದೇನೆ
ಮಂಡ್ಲಿಯ ನಿಂತುಹೋದ ಎಣ್ಣೆ ಗಾಣದ ಶೆಡ್ಡಿನಲ್ಲಿ,
ಸೋಮವಾರ, ಗುರುವಾರ, ಅಕ್ಕಿ ಮುಗಿಯುವ ತನಕ.
ಹಿಡಿ ಅಕ್ಕಿ ಬ್ಯಾಂಕು ಅಂತ ಹೆಸರು.
ಪಾಸ್‌ಬುಕ್ಕಿಲ್ಲ, ಬಡ್ಡಿಯಿಲ್ಲ. ಹೆಗ್ಗಣ ಇದೆ,
ಹೆಗ್ಗಣಕ್ಕೆ ಹೆದರುವ ಒಂದು ಬೆಕ್ಕೂ ಇದೆ.

ಶುರು ಮಾಡಿದ್ದು ಫ್ಲೋರಿನ್ ಟೀಚರು.
ಸೋಮವಾರ ಪ್ರಾರ್ಥನೆಗೆ ನಿಂತ ಹುಡುಗ
ದೊಪ್ಪನೆ ಬಿದ್ದನಂತೆ.
ನೀರು ಚಿಮುಕಿಸಿ, ಕೊನೆಗೆ ಏನೋ ತಿಂದಿದ್ದು ಅಂದರೆ
ಶನಿವಾರ ಸ್ಕೂಲಲ್ಲಿ ಉಪ್ಪಿಟ್ಟು, ಅಂದನಂತೆ.
ವಾರದಲ್ಲಿ ಭಾನುವಾರ ಅಂತೊಂದು ದಿನ,
ಅದಕ್ಕೂ ಒಂದು ಹೊಟ್ಟೆ ಇದೆ ಅನ್ನುವುದು
ಅವತ್ತು ಬೀದಿಗೆ ತಿಳಿಯಿತು.

ಎಸರಿಟ್ಟಾಗ ಒಂದು ಹಿಡಿ ಡಬ್ಬಕ್ಕೆ, ಮಿಕ್ಕಿದ್ದು ಪಾತ್ರೆಗೆ.
ವಿನೋಬನಗರದಿಂದ ಸೋನಾ ಮಸೂರಿ ಬಂತು,
ಟಿಪ್ಪು ನಗರದಿಂದ ನುಚ್ಚು,
ತೀರ್ಥಹಳ್ಳಿ ಬಸ್ಸಿನಲ್ಲಿ ಕುಚ್ಚಲಕ್ಕಿ.
ಎಲ್ಲ ಒಂದೇ ಡ್ರಮ್ಮಿಗೆ ಸುರಿದು ಹೆಮ್ಮೆಪಟ್ಟೆವು.
ಬೇಯಿಸಿದವರು ಬಂದು ಬೈದರು:
ಒಂದು ಗಂಜಿಯಾಯ್ತು, ಒಂದು ಹರಳಾಗಿಯೇ ಉಳೀತು.
ಊರು ಬೆರೆಯಬಹುದು, ಅಕ್ಕಿ ಬೆರೆಯುವುದಿಲ್ಲ.
ಈಗ ಮೂರು ಡ್ರಮ್ಮು.

ರಾತ್ರಿ ಹನ್ನೊಂದಕ್ಕೆ ಖಲಂದರನ ಆಟೋ
ಕಲ್ಯಾಣ ಮಂಟಪಗಳ ಹಿಂಬಾಗಿಲಿಗೆ ಹೋಗುತ್ತದೆ.
ಒಮ್ಮೆ ಮುರಿದುಬಿದ್ದ ಮದುವೆಯೊಂದರ
ಆರುನೂರು ಹೋಳಿಗೆ ಬಂತು.
ಬಸ್‌ಸ್ಟ್ಯಾಂಡಿನ ಹಮಾಲರು
ಯಾರದೋ ಕಣ್ಣೀರಿಗೆ ತುಪ್ಪ ಹಾಕಿಕೊಂಡು ತಿಂದರು.

ಸಾಲಿನಲ್ಲಿ ನಿಲ್ಲುವವರು ನನ್ನ ಹಳೇ ಗಿರಾಕಿಗಳೇ.
ಗಂಗಿಬಾಯಿಯ ಹೆಬ್ಬೆಟ್ಟನ್ನು ರೇಷನ್ ಮಿಷಿನ್ನು ಒಪ್ಪುವುದಿಲ್ಲ.
ಹತ್ತು ವರ್ಷ ಶುಂಠಿ ತೊಳೆದು, ಸುಲಿದು
ಗೆರೆಗಳೆಲ್ಲ ಕರಗಿ ತುಂಗೆಯ ಪಾಲಾಗಿವೆ.
ಒತ್ತುತ್ತಾಳೆ. ಸೆರಗಿಗೆ ಒರೆಸಿ ಒತ್ತುತ್ತಾಳೆ.
ತಲೆಗೂದಲಿಗೆ ಉಜ್ಜಿ ಎಣ್ಣೆ ಮಾಡಿಕೊಂಡು ಒತ್ತುತ್ತಾಳೆ.
ಕೆಂಪು ದೀಪ. ನೀನು ನೀನಲ್ಲ ಅನ್ನುತ್ತದೆ ಮಿಷಿನ್ನು.
ಕಾರ್ಡಿದೆ, ಕೈಯಿದೆ, ಹಸಿವಿದೆ,
ಗೆರೆ ಮಾತ್ರ ಇಲ್ಲ.

ನಮ್ಮ ಪುಸ್ತಕದಲ್ಲಿ ಕೊಟ್ಟವರಿಗೊಂದು ಕಾಲಂ.
ತಗೊಂಡವರದ್ದು ಬರೀ ಕೇಜಿ, ಹೆಸರು ಬೇಡ,
ಅಂದಿದ್ದಾರೆ ಟೀಚರು.

ಆಷಾಢ ಬಂತು. ಮದುವೆಯಿಲ್ಲ, ಕೂಲಿಯೂ ಇಲ್ಲ.
ಡ್ರಮ್ಮಿನ ತಳ ಕೆರೆದರೆ ಸದ್ದು ಜಾಸ್ತಿ, ಅಕ್ಕಿ ಕಮ್ಮಿ.
ಹನ್ನೊಂದು ಕೇಜಿಗೆ ಮೂವತ್ತೆಂಟು ಜನ.
ಪಾವು ಕೇಜಿ ತೂಗಿ ಗಂಗಿಬಾಯಿಯ ಚೀಲಕ್ಕೆ ಸುರಿದೆ.
ಅವಳು ಚೀಲ ಎತ್ತಿ, ಇಳಿಸಿ, ಮತ್ತೆ ಎತ್ತಿದಳು.
ತೂಕ ತಪ್ಪಿದೆ ಅಣ್ಣಾ, ಅಂದಳು.
ನನ್ನ ಎದೆಯೊಳಗೆ ತಕ್ಕಡಿಯ ಮುಳ್ಳು ನಡುಗಿತು.
ನಿನ್ ಬೆರಳು ನಂಗೊತ್ತಿಲ್ವಾ?
ಆಗ ಮೇಲಿಂದ ಒತ್ತುತಿದ್ದೆ,
ಈಗ ಕೆಳಗಿಂದ ಎತ್ತುತಿದೀಯ.
ಎಲ್ಲಾ ಗೊತ್ತಿತ್ತು ಅವಳಿಗೆ, ಅಷ್ಟು ವರ್ಷವೂ.
ಒಂದು ಹಿಡಿ ತೆಗೆದು ಡ್ರಮ್ಮಿಗೆ ಹಾಕಿ ಹೋದಳು.
ಅವಳ ಹಿಂದಿನವಳು ಹಾಕಲಿಲ್ಲ.
ಅವಳಿಗೆ ನಾಲ್ಕು ಮಕ್ಕಳು.

ಆ ರಾತ್ರಿ ಮೊದಲ ಸಲ ಲೆಕ್ಕಕ್ಕೆ ಕೂತೆ.
ನಾನೂರು ಕಾರ್ಡು, ತಿಂಗಳಿಗೆ ಇಪ್ಪತ್ತು ಕೇಜಿ,
ಕೇಜಿಗೆ ನಲವತ್ತು ಗ್ರಾಂ, ಇಪ್ಪತ್ತಾರು ವರ್ಷ.
ಮೂರು ಸಲ ಗುಣಿಸಿದೆ. ಮೂರು ಸಲವೂ ಅದೇ:
ಸಾವಿರ ಕ್ವಿಂಟಾಲಿಗೆ ಎರಡು ಕಮ್ಮಿ.
ಹೆಚ್ಚೇನಲ್ಲ ಅನ್ನುತ್ತಿದ್ದೆನಲ್ಲ.

ತೀರಿಸಲು ಎಷ್ಟು ಸೋಮವಾರ, ಎಷ್ಟು ಗುರುವಾರ ಬೇಕೆಂದು
ಪೆನ್ನು ಎತ್ತಿದೆ, ಇಟ್ಟೆ.

ಗುರುವಾರ ಬೇಗ ಹೋಗಿ ಬೀಗ ತೆಗೆದರೆ
ತಟ್ಟೆಯಲ್ಲಿ ಸುರುಳಿ ಸುತ್ತಿ ಬೆಕ್ಕು ಮಲಗಿತ್ತು.
ಎಬ್ಬಿಸಲಿಲ್ಲ. ಆ ಕಡೆ ಬಟ್ಟು ಇಟ್ಟು,
ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡಿದೆ.
ಎರಡೂ ಮುಕ್ಕಾಲು ಕೇಜಿ.