ಇಳಿತದ ಹೊತ್ತು

ಬಾರಾ ದ್ವೀಪದ ವಿಮಾನಕ್ಕೆ ಗಡಿಯಾರ ಸಾಲದು,
ಚಂದ್ರನನ್ನೂ ಒಂದು ಮಾತು ಕೇಳಬೇಕು.
ಅಲ್ಲಿ ರನ್‌ವೇ ಎಂದರೆ ಕಡಲ ದಂಡೆ,
ದಿನಕ್ಕೆರಡು ಸಲ ಸಮುದ್ರ,
ಎರಡು ಸಲ ನಿಲ್ದಾಣ.
ಗ್ಲಾಸ್ಗೋದಲ್ಲಿ ಕಾಯುತ್ತೇವೆ, ನೀರು ಇಳಿದರೆ ಹತ್ತೂ ನಲವತ್ತಕ್ಕೆ.

ತಿಂಗಳಿಗೊಮ್ಮೆ ಹೋಗುತ್ತೇನೆ, ಕಣ್ಣು ಪರೀಕ್ಷಿಸಲು.
ಒಂದು ಪೆಟ್ಟಿಗೆ ಗಾಜು, ಒಂದು ಟಾರ್ಚು,
ಸುರುಳಿ ಸುತ್ತಿದ ಅಕ್ಷರಪಟ.
ವಿಮಾನ ಎಷ್ಟು ಪುಟ್ಟದೆಂದರೆ
ಪೈಲಟ್ಟಿನ ಕುತ್ತಿಗೆಯ ಮಚ್ಚೆ ನನಗೆ ಪರಿಚಯ.
ನನ್ನ ಸೀಟು ಯಾವಾಗಲೂ ಬಲಕ್ಕೆ, ಕಿಟಕಿಗೆ.

ಏರುವಾಗ ಊರು ನನ್ನ ಪಟದ ಹಾಗೆಯೇ:
ಮೊದಲ ಸಾಲಿಗೆ ಒಂದೇ ಅಕ್ಷರ, ದಪ್ಪನೆಯದು,
ಬೇಲಿಯಾಚೆ ನಿಂತ ಕೆಂಪು ಲಾರಿ.
ಆಮೇಲೆ ಮನೆಗಳು, ಹಗ್ಗದ ಮೇಲೆ ಯಾರದೋ ಬೆಡ್‌ಶೀಟು.
ಆಮೇಲೆ ಕ್ಲೈಡ್ ನದಿ, ಕ್ರೇನುಗಳು.
ಅದರ ಕೆಳಗಿನ ಸಾಲು ಯಾರಿಗೂ ನಿಲುಕದು,
‘ಗೊತ್ತಾಗ್ತಿಲ್ಲ, ಇರುವೆ ಹರಿದ ಹಾಗಿದೆ’ ಎನ್ನುವಲ್ಲಿಗೆ
ಮೋಡ.

ಮೋಡದಾಚೆ ದ್ವೀಪಗಳು.
ನಾಲ್ಕು ವರ್ಷದಿಂದ ಅವಕ್ಕೆಲ್ಲ
ಒಂದೇ ಮಾತು ಹಂಚಿದ್ದೇನೆ: ಚಂದ.
ಫೋನಿನಲ್ಲಿ ಮುನ್ನೂರು ಚಿತ್ರ,
ಎಲ್ಲದರಲ್ಲೂ ರೆಕ್ಕೆಗೆ ಆನಿಸಿದ ಅದೇ ಕಂಬಿ.

ಈ ಸಲ ಪಕ್ಕದಲ್ಲಿ ಎಫಿ ಮೆಕ್‌ಕಿನ್ನನ್, ಎಂಬತ್ತೊಂದು.
ಪೊರೆ ತೆಗೆಸಿಕೊಂಡು ಇವತ್ತಿಗೆ ಆರನೇ ದಿನ.
ಆ ಪೊರೆಯನ್ನು ಮೊದಲು ಕಂಡವಳು ನಾನೇ.
ಅಕ್ಟೋಬರಿನಲ್ಲಿ, ಶಾಲೆಯ ಹಿಂದಿನ ಕೋಣೆಯಲ್ಲಿ,
ದೊಡ್ಡಕ್ಷರ ತೋರಿಸಿ ಇದೇನು ಎಂದರೆ
‘ಯಾರೋ ಬಾಗಿಲಲ್ಲಿ ನಿಂತಿದ್ದಾರೆ, ಒಳಗೆ ಕರಿ’ ಅಂದಿದ್ದಳು.

ಕಿಟಕಿ ಬಿಟ್ಟುಕೊಟ್ಟೆ.
ಬಿಟ್ಟುಕೊಟ್ಟೆ ಎನ್ನುವುದು ಸುಳ್ಳು,
ನಾನು ಬೆಲ್ಟು ಹುಡುಕುವಷ್ಟರಲ್ಲಿ ಅವಳು ಅಲ್ಲಿದ್ದಳು.

ಇಳಿತ ಶುರುವಾಯಿತು,
ನಮಗೂ, ಕೆಳಗೆ ನೀರಿಗೂ.

ನಾನು ಪಚ್ಚೆ ಎಂದು ಕೊಂಡಾಡುತ್ತಿದ್ದ ಕಡೆ ಅವಳ ಬೆರಳು:
‘ಅಲ್ಲಿ ಆಳವಿಲ್ಲ. ಅಪ್ಪನ ದೋಣಿ ತಳ ಕೆರೆಸಿಕೊಂಡ ಜಾಗ.’
ಬೆಳ್ಳಿಯ ಗೆರೆ?
‘ಸೆಳವು. ಹತ್ತಿರ ಹೋಗಬೇಡ.’
ಆ ಕಪ್ಪು ಬಂಡೆಗಳು?
‘ಬಂಡೆಯಲ್ಲ, ಸೀಲು. ಎಣಿಸು. ಹದಿಮೂರು.’
ನನಗೆ ಒಂಬತ್ತು ಕಂಡವು.
ಪಟವನ್ನು ಅವಳು ಕೆಳಸಾಲಿನಿಂದ ಮೇಲಕ್ಕೆ ಓದುತ್ತಿದ್ದಾಳೆ,
ಒಂದಕ್ಷರ ತಪ್ಪದೆ, ತುಸು ಗದರುತ್ತಲೇ.

ದೂರದ ಬೆಟ್ಟ ನುಣ್ಣಗೆ, ಗಾದೆ ನಮ್ಮದು.
ಅವಳಿಗೆ ದೂರದ್ದೂ ತರಕಲು,
ಕಣ್ಣು ಹೋದಲ್ಲೆಲ್ಲ ಮೊದಲೇ ಕಾಲು ಹೋಗಿ ಬಂದಿದೆ.

ಆಮೇಲೆ ಮರಳು.
‘ಆ ಬೂದು ಪಟ್ಟಿ ಇದೆಯಲ್ಲ, ಚಿಪ್ಪು ಸಿಗುವುದು ಅಲ್ಲಿ.
ಕುಂಟೆ ಹಿಡಿದು ನಲವತ್ತು ಚಳಿಗಾಲ.’
ಅಘನಾಶಿನಿಯ ಅಳಿವೆಯಲ್ಲಿ
ಸೊಂಟಮಟ್ಟ ನೀರಲ್ಲಿ ಬಳಚು ಹೆಕ್ಕುವವರು ನೆನಪಾದರು.
ಬಳಚು ಎಂಬುದಕ್ಕೆ ಇಂಗ್ಲಿಷು ಒದಗದೆ
‘ನಮ್ಮಲ್ಲೂ’ ಅಂದೆ, ಅಷ್ಟೇ.
‘ಹ್ಞೂ. ಎಲ್ಲ ಕಡೆಯೂ ಸೊಂಟನೋವೇ’ ಅಂದಳು.

ವಿಮಾನ ವಾಲಿತು.
ದಿಬ್ಬದ ಮೇಲೊಂದು ಮನೆ ಓರೆಯಾಗಿ ಬಂತು.
ಅವಳ ಬೆರಳು ಗಾಜಿನ ಮೇಲೆ ನಿಂತೇಬಿಟ್ಟಿತು.
ನಾನು ಕಣ್ಣೀರಿಗೆ ತಯಾರಾದೆ, ಟಿಶ್ಯೂ ತೆಗೆದೆ.
‘ಛಾವಣಿಗೆ ತುಕ್ಕು!
ಐದು ವರ್ಷದಿಂದ ಅಳಿಯ ಹೊಸದರ ಹಾಗಿದೆ ಅನ್ನುತ್ತಿದ್ದ.’

ಚಕ್ರ ತಾಗಿತು.
ಮರಳ ಮೇಲೆ ಉಳಿದಿದ್ದ ನೀರು
ಹಾಳೆಹಾಳೆಯಾಗಿ ಎದ್ದು ಕಿಟಕಿಗೆ ಬಡಿಯಿತು.
ಒಂದು ಗಳಿಗೆ ಏನೂ ಕಾಣಿಸಲಿಲ್ಲ,
ನನಗೂ, ಅವಳ ಹೊಸ ಕಣ್ಣಿಗೂ.
‘ಹುಡುಗೀ, ಮತ್ತೆ ಹನಿ ಹಾಕಿದೆಯಾ?’
(ನನಗೆ ನಲವತ್ತಾರು.)

ಸಂಜೆ, ಉಬ್ಬರ ಬರುವ ಮೊದಲು, ಒಬ್ಬಳೇ ಹೊರಟೆ.
ಕಿಟಕಿ ಮರಳಿ ನನ್ನದು.
ಗಾಜಿನ ಮೇಲೆ ಬೆರಳಿನ ಜಿಡ್ಡು,
ಒರೆಸಲು ಹೋಗಿ ಬಿಟ್ಟೆ.
ಕೆಳಗೆ ಮರಳಲ್ಲಿ ಎರಡು ಚಕ್ರದ ಗೀಟು,
ಅಂಚಿನಿಂದ ಅದನ್ನು ಅಳಿಸುತ್ತ ಬರುವ ನೀರು.
ದಿಬ್ಬದ ಮನೆಗೆ ಒರಗಿದ ಏಣಿ,
ಏಣಿಯ ಮೇಲೆ ಒಬ್ಬ ಗಂಡಸು, ಕೈಯಲ್ಲಿ ಏನೋ ಡಬ್ಬ,
ಅಂಗಳದಲ್ಲಿ ಅವನತ್ತ ಚಾಚಿದ ಒಂದು ಬೆರಳು.
ಬೆರಳು ಕಂಡಿತೋ, ಊಹೆಯೋ, ಪ್ರಮಾಣ ಮಾಡಲಾರೆ.

ಫೋನು ತೆಗೆಯಲಿಲ್ಲ.
ಹಣೆ ಗಾಜಿಗೊತ್ತಿ ಎಣಿಸತೊಡಗಿದೆ:
ಏಳು, ಎಂಟು, ಒಂಬತ್ತು,
ಹತ್ತನೆಯದು ಬಾಲ ಆಡಿಸಿತು,
ಹನ್ನೊಂದು.
ಮೋಡ.