ಅಬೋಲಿ

ಗುಲಾಬಿ ಅಂದ್ರ ಒಂದ ಅಂತ ತಿಳಕೊಂಡಿದ್ದೆ.
ಅಂಗಡ್ಯಾಂವ ರಟ್ಟಿನ ಪಟ್ಟಿ ಬೀಸಣಿಕಿ ಹಂಗ ಬಿಚ್ಚಿದ:
ನಲವತ್ತೆರಡು.
ಒಂದೊಂದಕ್ಕೂ ನಂಬರ, ಒಂದೊಂದಕ್ಕೂ ಹೆಸರು,
ಓದಾಕ ಬಂದದ್ದು ಎರಡೋ ಮೂರೋ.
ಎಳಿ ಕರುವಿನ ನಾಲಿಗಿ ಹಂಗ ಒಂದು,
ಪ್ಯಾರಲ ಹಣ್ಣು ಒಡದಂಗ ಒಂದು,
ಹಲ್ಲು ತಿಕ್ಕೂ ಪುಡಿ ಹಂಗ ಒಂದು.
ಅದನ್ನ ನೋಡಿ ನಮ್ಮ ಪ್ರಾಂಜಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಸೊಲ್ಲಾಪುರ, ಅಕ್ಕಲಕೋಟ ರೋಡಿನ ಹಿಂದ,
ಟಾವೆಲ್ ಕಾರಖಾನಿ ದಾಟಿ ಎರಡು ಖೋಲಿ,
ಮ್ಯಾಲೊಂದು ಪತ್ರಾದ ಅಡಗಿಮನಿ.
ಹತ್ತೊಂಬತ್ತು ವರ್ಷ ಬಾಡಗಿ ಕಟ್ಟಿ
ಈಗ ಮೊಳಿ ಹೊಡೀಲಾಕ ಯಾರನ್ನೂ ಕೇಳಬೇಕಾಗಿಲ್ಲ.
ಮುಂದಿನ ಖೋಲಿ ಬಣ್ಣ ನಂದು ಅಂತ ಮೊದಲ ಹೇಳಿದ್ದೆ.

ಇವರಿಗೆ ಗುಲಾಬಿ ಬ್ಯಾಡ.
ಇವರು ಬಣ್ಣದ ಖಾತೆದಾಗ ದುಡೀತಾರ.
ಲಗ್ನದ ಸೀಸನ್ ಬಂತಂದ್ರ ರಾಣಿ ಬಣ್ಣದ ಟಾವೆಲ್ಲು,
ಹಂಡೆ ಮ್ಯಾಲ ಹಂಡೆ. ಉಗುರಿನ ಸಂದ್ಯಾಗ ಕುಂತದ್ದು
ಆಷಾಢ ಬಂದರೂ ಹೋಗೂದಿಲ್ಲ,
ಭಕ್ರಿ ಮುರಿಯೂ ಮುಂದ ಭಕ್ರಿಗೂ ಅದರ ನೆಳ್ಳು.
“ಕಣ್ಣು ಮುಚ್ಚಿದ್ರೂ ಅದ ಕಾಣತದ,
ಮನ್ಯಾಗರ ಬಿಳಿ ಇರಲಿ” ಅಂದರು.
“ನಾನೂ ಹತ್ತು ತಾಸು ಬಿಳಿ ಟಾವೆಲಿಗೆ ಅಂಚು ಹೊಲೀತೀನಿ,
ನನಗ ಬಿಳಿ ಸಾಕಾಗೇದ” ಅಂದೆ.

ಅಂಗಡ್ಯಾಂವ ನಡುವ ಬಾಯಿ ಹಾಕಿದ, ಮರಾಠಿಯೊಳಗ:
“ಅಬೋಲಿ ಘ್ಯಾ ಕೀ, ವೈನಿ.”
ಅಬೋಲಿ ಅಂದ್ರ ನಮ್ಮ ಅಬ್ಬಲಿಗಿ,
ನನ್ನವ್ವ ಮುಸುರಿ ನೀರು ಹಾಕಿ ಬೆಳಸಿದ, ವಾಸನಿ ಇಲ್ಲದ ಹೂವು.
ಕೆಂಪೂ ಅಲ್ಲ, ಕೇಸರಿನೂ ಅಲ್ಲ, ಪೂರಾ ಗುಲಾಬಿನೂ ಅಲ್ಲ.
ಆದ್ರ ಅಬೋಲಾ ಅಂದ್ರ ಈ ಊರಾಗ
ಗಂಡ ಹೆಂಡ್ತಿ ಮಾತು ಬಿಡೂದು.
ಬಣ್ಣ ಬರೂಕಿಂತ ಮೊದಲ
ಅದರ ಹೆಸರು ನಮ್ಮ ಮನ್ಯಾಗ ಬಂದು ಕುಂತಬಿಡ್ತು.

“ಚಹಾ ಆಗೇದ ಅಂತ ಹೇಳು ನಿಮ್ಮಪ್ಪಗ.”
“ಗ್ಯಾಸಿನ ಪುಸ್ತಕ ಎಲ್ಲಿಟ್ಟಾಳ ಕೇಳು ನಿಮ್ಮವ್ವನ.”
ನಡುವ ಪ್ರಾಂಜಲಿ, ಎರಡೂ ಬಾಗಲದ ಕಂಡಕ್ಟರ.

ಪೇಂಟರ ಯಾಸೀನ ಗ್ವಾಡಿಗೆ ಐದು ಚೌಕ ಬಡದು ಹೋಗಿದ್ದ.
ಮುಂಜಾನಿ ಒಂದು ಛಂದ, ಮಧ್ಯಾಹ್ನ ಇನ್ನೊಂದು,
ಟ್ಯೂಬಲೈಟ ಹಚ್ಚಿದ್ರ ಐದಕ್ಕೂ ಜ್ವರ.
ನನ್ನ ತಲ್ಯಾಗಿನ ಬಣ್ಣ ಆ ನಲವತ್ತೆರಡರಾಗ ಇರಲಿಲ್ಲ.
ಯಾರಿಗೆ ಹೇಳಲಿ? ನೀರಿನ ಸಾಲ್ಯಾಗ ಮಹಾನಂದಾಗ ಹೇಳಿದೆ:
ಅಬ್ಬಲಿಗಿ ದಂಡಿ ರಾತ್ರಿ ತಗದು
ಹಸಿ ಅರಿವ್ಯಾಗ ಸುತ್ತಿಟ್ಟು
ಮುಂಜಾನೆದ್ದು ಬಿಚ್ಚಿದ್ರ ಇರತದಲ್ಲ,
ಸ್ವಲ್ಪ ಬಾಡಿದ್ದು, ಪೂರಾ ಬಾಡಲಾರದ್ದು,
ಹಂಗ.
ಇವರು ಸಾಲಿನ ಹಿಂದ ಕ್ಯಾನ್ ಹಿಡಕೊಂಡು ನಿಂತಿದ್ದರಂತ.
ನಾ ನೋಡಿದ್ದಿಲ್ಲ.

ಐದನೇ ದಿನ, ರಾತ್ರಿ ಪಾಳಿ ಮುಗಿಸಿ ನಸುಕಿನ್ಯಾಗ ಬಂದು
ಊಟದ ಡಬ್ಬಿ ಚೀಲದಿಂದ ಗೇಣುದ್ದ ಟಾವೆಲ್ ತುಂಡು ತಗದು
ಕಟ್ಟಿ ಮ್ಯಾಲಿಟ್ಟರು. ಇನ್ನೂ ಹಸಿ.
ಪ್ರಾಂಜಲಿ ಮಲಗಿದ್ದಳು, ಹೇಳಿ ಕಳಸಾಕ ಯಾರೂ ಇದ್ದಿಲ್ಲ.
ಕಿಡಕಿ ಕಡೆ ಹಿಡದು ನೋಡಿದೆ.
“ಹಳದಿ ಒಂದು ಕಾಳು ಹೆಚ್ಚಾತೇನು?”
ಅಂತ ಗ್ವಾಡಿನ್ನ ಕೇಳಿದರು.
“ಇಲ್ಲ” ಅಂದೆ, ನಾನೂ ಗ್ವಾಡಿಗೆನ.

ಅಂಗಡ್ಯಾಗ ಒಂದು ಮಷೀನ ಅದ. ಅರಿವಿ ಮ್ಯಾಲಿಟ್ರ
ಬಣ್ಣ ಓದಿ ಡಬ್ಬಿಗೆ ಹನಿ ಹನಿ ಬಿಡತದ.
ಭಾಳ ಹತ್ತಿರ ಬಂತು. ಅದ ಅಲ್ಲ.
ಯಾಸೀನ ಎರಡು ಕೈ ಹೊಡದ,
ಒಣಗಿದ ಮ್ಯಾಲ ಅರ್ಧ ಕಾಳು ಕಮ್ಮಿ.
ಈಗಲೂ ಇವರು ಕುಂತಲ್ಲಿಂದ ಗ್ವಾಡಿ ನೋಡತಾರ,
ತಪ್ಪು ತಮ್ಮ ಹಂಡೆದ್ದೇನೋ ಅನ್ನೂವಂಗ.

ತುಂಡು ನನ್ನ ಹತ್ತರನ ಅದ. ಟೀವಿ ಒರಸಾಕ ಇಟ್ಟೀನಿ.
ಹನ್ನೊಂದು ಸಲ ಒಗದೀನಿ,
ಬೇಕಂತ ಬಿಸಲಾಗ ಹಾಕೀನಿ,
ಬಿಟ್ಟಿಲ್ಲ.