ಸವೆತದ ಲೆಕ್ಕ

ಇಟೆನ್ ಊರಲ್ಲಿ ಬೆಳಕು ಹರಿಯುವ ಮೊದಲೇ
ಕಾಲುಗಳು ಹರಿಯುತ್ತವೆ.
ಕೆಂಪು ಮಣ್ಣಿನ ರಸ್ತೆ ತುಂಬ ಓಟಗಾರರು,
ಮಾತಿಲ್ಲ, ಬರೀ ಉಸಿರಿನ ಹಬೆ.
ಅವರ ಶೂಗಳು ಕೊನೆಗೆ ನನ್ನ ಗೋಣಿತಾಟಿನ ಮೇಲೆ ಬಂದು ಕೂರುತ್ತವೆ:
ಹಿಮ್ಮಡಿ ತಿಂದವು, ಅಂಚು ಕಿತ್ತವು, ಬಾಯಿ ಬಿಟ್ಟವು.
ಮುಖ ನೋಡದೆ ಹೇಳಬಲ್ಲೆ
ಇವನಿಗೆ ಎಡ ಮಂಡಿ ನೋವು,
ಇವಳಿಗೆ ಇಳಿಜಾರು ಅಂದರೆ ಭಯ.

ದನ ಮೇಯಲು ಬಿಡುವ ಹೊತ್ತಿಗೆ ಹುಟ್ಟಿದವಳು ನನ್ನ ಮಗಳು,
ಅದಕ್ಕೇ ಜೆಲಿಮೊ.
ಬೆನ್ನು ತೆರೆದುಕೊಂಡೇ ಬಂದಳು.
ಎರಡನೆಯ ದಿನ ಎಲ್ಡೊರೆಟ್‌ನಲ್ಲಿ ಹೊಲಿದರು.
ಬಾಗಿ ನೋಡಿದೆ, ಅಪ್ಪನ ಕಣ್ಣಿಗಿಂತ ಮೊದಲು ಕಸಬಿನ ಕಣ್ಣು:
ಒಳ್ಳೆಯ ಕೈ. ಎಲ್ಲೂ ಸುಕ್ಕಿಲ್ಲ, ಎಲ್ಲೂ ಸಡಿಲವಿಲ್ಲ.
ಆದರೆ ಚರ್ಮದ ಗುಣ ನನಗೆ ಗೊತ್ತು.
ಹೊಲಿದ ಜಾಗ ಹಿಗ್ಗುವುದಿಲ್ಲ,
ಸುತ್ತಲಿನದು ಹಿಗ್ಗುತ್ತದೆ.

ಡಾಕ್ಟರ್ ನಾಲಿಯಾಕಾ ಅದನ್ನೇ ಹೇಳಿದ್ದರು:
'ಕಲೆಯ ಒಳಗೆ ಬೆನ್ನುಹುರಿ ಅಂಟಿಕೊಂಡಿರುತ್ತದೆ,
ಮಗು ಎತ್ತರವಾದಂತೆ ಜಗ್ಗಬಹುದು.
ಎಂಆರ್‌ಐ ತೆಗೆದರೆ ಅಂಟಿದ್ದು ಕಾಣುತ್ತದೆ,
ಇಂಥ ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ.
ಜಗ್ಗುತ್ತಿದೆಯೋ ಇಲ್ಲವೋ, ಅದನ್ನು ನೀವು ಹೇಳಬೇಕು.
ಏನು ಬದಲಾಯಿತು? ಯಾವಾಗಿನಿಂದ?'

ಕೊಬಿಲೊ ಒಂದು ನೋಟ್‌ಬುಕ್ ಕೊಂಡಳು.
ನಾಲ್ಕು ಗಂಟೆಗೊಮ್ಮೆ ನಳಿಕೆ, ಎಷ್ಟು ಬಂತು,
ನಡುವೆ ಒದ್ದೆಯಾಯಿತೆ.
ಒಂಬತ್ತು ವರ್ಷದಲ್ಲಿ ಆರು ನೋಟ್‌ಬುಕ್.
ಬರೆಯಲು ಬಾರದ ನಾನು
ಅವಳ ಹಳೆಯ ಶೂಗಳನ್ನೆಲ್ಲ ಚೀಲದಲ್ಲಿಟ್ಟೆ.

ಈ ಏಪ್ರಿಲ್‌ನ ಮಳೆ ಮುಗಿಯುವಷ್ಟರಲ್ಲಿ
ಬಾಗಿಲ ಚೌಕಟ್ಟಿನ ಗೀಟು ಮೂರು ಬೆರಳು ಮೇಲೇರಿತು.
ಪಕ್ಕದ ಮನೆಯವರು ಶಿಳ್ಳೆ ಹೊಡೆದರು, ಜಿರಾಫೆ ಎಂದರು.
ಕೊಬಿಲೊ ನಗಲಿಲ್ಲ.
ಎರಡು ರಾತ್ರಿ ಹಾಸಿಗೆ ಒದ್ದೆ, ಆಮೇಲೆ ಐದು.
ಶಾಲೆಯ ಬೆಂಚು ಗಟ್ಟಿ, ಅದಕ್ಕೇ ಸೊಂಟ ನೋವು ಅಂದಳು ಜೆಲಿಮೊ.
ಬೆಂಚು ಹೋದ ವರ್ಷವೂ ಅದೇ ಇತ್ತು.
ನಾನು ಬಲಗಾಲಿನ ಶೂ ತಿರುಗಿಸಿ ನೋಡಿದೆ.
ತುದಿ ಉಜ್ಜಿ ಬಿಳಿಚಿತ್ತು,
ಹೊರ ಅಂಚು ಕರಗಿ ಒಳಗಿನ ಬಟ್ಟೆ ಕಾಣುತ್ತಿತ್ತು.
ಸಂಜೆಯವರೆಗೆ ಯಾರ ಶೂವನ್ನೂ ಮುಟ್ಟಲಿಲ್ಲ.

ಆಸ್ಪತ್ರೆಯ ಮೇಜಿನ ಮೇಲೆ ಚೀಲ ಸುರಿದೆ.
ಏಳು ಬಲಗಾಲು, ಚಿಕ್ಕದರಿಂದ ದೊಡ್ಡದಕ್ಕೆ.
ನರ್ಸ್ ಮೂಗು ಮುಚ್ಚಿಕೊಂಡಳು.
ಡಾಕ್ಟರ್ ಎಂಆರ್‌ಐ ಚಿತ್ರ ಬದಿಗಿಟ್ಟು
ಒಂದೊಂದನ್ನೇ ಮಗುಚಿದರು, ಐದನೆಯದರ ನಂತರ ನಿಧಾನವಾದರು.
ಕೊನೆಯದರ ಸವೆತದ ಸುತ್ತ ಪೆನ್ನಿನಿಂದ ಗೆರೆ ಎಳೆದರು.
'ಮೂತ್ರಚೀಲದ ಪರೀಕ್ಷೆಗೆ ಮೂರು ವಾರ ಕಾಯಬೇಕು.
ಇದೇ ಶೂ ಹಾಕಿಸಿ. ಗೆರೆ ದಾಟಿದೆಯೇ ನೋಡೋಣ.
ಬಿಡಿಸಬೇಕೋ ಬೇಡವೋ ಆಮೇಲೆ.
ಕಾಲು ಇನ್ನೂ ಸೋತರೆ ಆ ದಿನವೇ ಬನ್ನಿ.'

ಇವತ್ತಿಗೆ ಹತ್ತು ದಿನ.
ಬೆಳಗ್ಗೆ ಓಟಗಾರರು ಹಾದುಹೋದ ಮೇಲೆ
ರಸ್ತೆಯಲ್ಲಿ ಉಳಿಯುವುದು ಅವಳ ಸದ್ದು,
ಊರುಗೋಲು, ಎಡಗಾಲು, ಆಮೇಲೆ ಒಂದು ಸರ್ರ್.

'ಶೂ ಹೊಲಿಯುವವನ ಮಗಳ ಕಾಲಲ್ಲಿ ತೂತು ಶೂ
ಅಂತ ಎಲ್ಲರೂ ನಗ್ತಾರಪ್ಪ.'
ಅದು ನಿನ್ನ ಕಾಲು ಡಾಕ್ಟರಿಗೆ ಬರೆಯುತ್ತಿರುವ ಕಾಗದ, ಅಂದೆ,
ಮಧ್ಯೆ ನಾನು ತಿದ್ದಬಾರದು.

ಸ್ವಲ್ಪ ಹೊತ್ತು ಯೋಚಿಸಿದಳು.
'ಹಾಗಾದ್ರೆ ಎಡಗಾಲಿಂದಾದ್ರೂ ಪಾಲಿಶ್ ಮಾಡು.'

ಮಾಡಿದೆ.
ಮುಖ ಕಾಣುವಷ್ಟು.